ಟ್ರಾನ್ಸ್‌ಮಿಷನ್ ಲೈನಿನಲ್ಲಿ ವೋಲ್ಟೇಜ್ ಅಲೆಯ ಲೆಕ್ಕ: ಮೊದಲ ಹೆಜ್ಜೆಯಿಂದ ಕೊನೆಯ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆ ಎಲೆಕ್ಟ್ರಿಕಲ್ ಓದುವವರು, ಸಬ್‌ಸ್ಟೇಷನ್ ಕೆಲಸಕ್ಕೆ ಹೊಸದಾಗಿ ಸೇರಿದವರು, ಎಲ್ಲರೂ ಈ ಲೆಕ್ಕದಲ್ಲಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಸೂತ್ರ ಬಾಯಿಪಾಠ ಇರುತ್ತದೆ. ಅಲೆಯ ಎಷ್ಟು ಪಾಲು ಮರಳುತ್ತದೆ, ಎಷ್ಟು ದಾಟುತ್ತದೆ ಎಂದು ಹೇಳುವ ಗುಣಾಂಕವೂ ಸರಿ ಬರುತ್ತದೆ. ಆದರೆ ಅಲೆ ಎರಡನೇ ಸಲ ವಾಪಸ್ ಬರುವ ಹೊತ್ತಿಗೆ ಯಾವ ಅಲೆ ಎಲ್ಲಿದೆ, ಯಾವುದನ್ನು ಯಾವುದಕ್ಕೆ ಕೂಡಿಸಬೇಕು ಎಂಬುದು ಕೈತಪ್ಪುತ್ತದೆ. ಅಲ್ಲಿಗೆ ಲೆಕ್ಕ ನಿಲ್ಲಿಸಿ, ಮೊದಲು ಸಿಕ್ಕ ಸಣ್ಣ ಸಂಖ್ಯೆಯನ್ನೇ ಉತ್ತರ ಅಂತ ಬರೆದುಬಿಡುತ್ತಾರೆ. ಆ ಸಣ್ಣ ಸಂಖ್ಯೆ ನಂಬಿದರೆ ಟ್ರಾನ್ಸ್‌ಫಾರ್ಮರ್ ಸುರಕ್ಷಿತ ಅನ್ನಿಸುತ್ತದೆ. ನಿಜ ಹಾಗಿರುವುದಿಲ್ಲ.

ಇಲ್ಲಿ ಗಣಿತ ಕಷ್ಟದ್ದಲ್ಲ. ಬರೆದಿಡುವ ಕ್ರಮ ಮುಖ್ಯ. ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ.

ಬೇಕಾದ ಸಾಮಾನು

ಚೌಕುಳಿ ಹಾಳೆ, ಸ್ಕೇಲು, ಎರಡು ಬಣ್ಣದ ಪೆನ್ಸಿಲ್, ಸೈಂಟಿಫಿಕ್ ಕ್ಯಾಲ್ಕುಲೇಟರ್. ಮುಂದೆ ಹೋಲಿಸಿ ನೋಡಲು ಕಂಪ್ಯೂಟರಿನಲ್ಲಿ ಎಟಿಪಿ ಅಥವಾ ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಲೆಕ್ಕದ ಸಾಫ್ಟ್‌ವೇರ್. ಕಂಪ್ಯೂಟರನ್ನು ಮೊದಲು ತೆರೆಯಬೇಡಿ. ಕೈಲೆಕ್ಕ ಇಲ್ಲದೆ ಅದು ಕೊಟ್ಟ ಗ್ರಾಫ್ ಸರಿಯೋ ತಪ್ಪೋ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಎರಡು ಬಣ್ಣ ಯಾಕೆ ಅಂದರೆ, ಮುಂದೆ ಹೋಗುವ ಅಲೆಗೆ ಒಂದು, ಹಿಂದೆ ಬರುವ ಅಲೆಗೆ ಇನ್ನೊಂದು. ಇದನ್ನು ಬಿಡಬೇಡಿ.

ಹಂತ 1: ಯಾವ ಲೆಕ್ಕ ಬೇಕು ಅಂತ ಮೊದಲು ತೀರ್ಮಾನಿಸಿ

ವೋಲ್ಟೇಜ್ ಅಲೆ ಅಂದ ಕೂಡಲೇ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗುತ್ತವೆ. ಒಂದು, ದಿನವೂ ಹರಿಯುವ 50 ಹರ್ಟ್ಸ್ ವಿದ್ಯುತ್. ಇನ್ನೊಂದು, ಸಿಡಿಲು ಅಥವಾ ಸ್ವಿಚಿಂಗ್‌ನಿಂದ ಬರುವ ಸರ್ಜ್, ಅಂದರೆ ಸ್ವಲ್ಪ ಹೊತ್ತು ಮಾತ್ರ ಇರುವ ದೊಡ್ಡ ವೋಲ್ಟೇಜ್ ಅಲೆ.

50 ಹರ್ಟ್ಸ್‌ಗೆ ಅಲೆಯ ಉದ್ದ 6000 ಕಿಲೋಮೀಟರ್. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿಲೋಮೀಟರ್. ಅದು ಅಲೆಯ ಉದ್ದದ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ 50 ಹರ್ಟ್ಸ್ ಲೆಕ್ಕದಲ್ಲಿ ಇಷ್ಟು ಚಿಕ್ಕ ಲೈನಿಗೆ ಅಲೆಯ ಮಾತೇ ಬೇಡ. ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಿಂದ ಘಟ್ಟ ಹತ್ತಿ ಹಾಸನದ ಕಡೆ ಹೋಗುವ 400 ಕಿಲೋವೋಲ್ಟ್ ಲೈನಿನಂಥ ಉದ್ದದ ಲೈನಿಗೆ ಸ್ವಲ್ಪ ಬೇಕಾಗುತ್ತದೆ. ಅಲೆಯ ಪೂರ್ತಿ ಉದ್ದ 360 ಡಿಗ್ರಿ ಅಂತ ಹಿಡಿದರೆ, ಲೋಡ್ ಇಲ್ಲದ 200 ಕಿಲೋಮೀಟರ್ ಲೈನಿಗೆ ಕೋನ 12 ಡಿಗ್ರಿ. 1 ಭಾಗಿಸು ಕಾಸ್ 12 ಅಂದರೆ 1.022. ಆಚೆ ತುದಿಯಲ್ಲಿ 400 ಇದ್ದದ್ದು ಸುಮಾರು 409 ಕಿಲೋವೋಲ್ಟ್ ಆಗುತ್ತದೆ. ಇದೇ ಫೆರಾಂಟಿ ಪರಿಣಾಮ. ನಷ್ಟ ಬಿಟ್ಟರೆ ಇಷ್ಟೇ ಲೆಕ್ಕ, ಮುಂದೆ ಹೋಗೋಣ.

ಸರ್ಜ್ ಲೆಕ್ಕ ಹಾಗಲ್ಲ. ಅಲ್ಲಿ ಬದಲಾವಣೆ ಮೈಕ್ರೋಸೆಕೆಂಡುಗಳಲ್ಲಿ ಆಗುತ್ತದೆ, ಅಷ್ಟು ಹೊತ್ತಿನಲ್ಲಿ ಅಲೆ ಓಡುವುದು ಕೆಲವು ನೂರು ಮೀಟರ್ ಮಾತ್ರ. ಆದ್ದರಿಂದ 800 ಮೀಟರ್ ಕೇಬಲ್ ಕೂಡ ಉದ್ದದ ಲೈನೇ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೂಕ ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವಾಗ ಕೆಂಪುಕಲ್ಲಿನ ನೆಲ ವರ್ಷದಲ್ಲೇ ಅತ್ಯಂತ ಒಣಗಿರುತ್ತದೆ. ಟವರ್ ಬುಡದ ಅರ್ಥಿಂಗ್ ರೆಸಿಸ್ಟೆನ್ಸ್ ಆಗಲೇ ಜಾಸ್ತಿ. ಮೇಲಿನ ಅರ್ತ್ ವೈರಿಗೆ ಹೊಡೆದ ಸಿಡಿಲು ನೆಲಕ್ಕೆ ಇಳಿಯಲು ದಾರಿ ಸಾಲದೆ, ಟವರಿನ ವೋಲ್ಟೇಜ್ ಏರಿ, ಇನ್ಸುಲೇಟರ್ ಮೇಲೆ ಹಾರಿ ಕಂಡಕ್ಟರಿಗೆ ಬರುತ್ತದೆ. ಇದಕ್ಕೆ ಬ್ಯಾಕ್ ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಹಾಗೆ ಕಂಡಕ್ಟರಿಗೆ ಇಳಿದ ಅಲೆ ಎರಡೂ ಕಡೆ ಓಡುತ್ತದೆ.

ಹಂತ 2: ಸರ್ಜ್ ಇಂಪೆಡೆನ್ಸ್ ಮತ್ತು ವೇಗ

ಪ್ರತಿ ಕಿಲೋಮೀಟರಿನ ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ತೆಗೆದುಕೊಳ್ಳಿ. ಇಂಡಕ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿ ವರ್ಗಮೂಲ ತೆಗೆದರೆ ಸರ್ಜ್ ಇಂಪೆಡೆನ್ಸ್. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿದರೆ ವೇಗ.

ನಮ್ಮ ಉದಾಹರಣೆಗೆ ಒಂದು 110 ಕಿಲೋವೋಲ್ಟ್ ಲೈನನ್ನು ಊಹಿಸಿಕೊಳ್ಳೋಣ. ಘಟ್ಟದ ಬುಡದಿಂದ ಮಂಗಳೂರಿನ ಅಂಚಿನವರೆಗೆ 30 ಕಿಲೋಮೀಟರ್ ತಂತಿ. ಅಲ್ಲಿಂದ ಊರೊಳಗೆ 800 ಮೀಟರ್ ನೆಲದಡಿಯ ಕೇಬಲ್. ಕೇಬಲ್ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್.

ತಂತಿ: ಕಿಲೋಮೀಟರಿಗೆ 1.333 ಮಿಲಿಹೆನ್ರಿ, 8.333 ನ್ಯಾನೋಫ್ಯಾರಡ್. ಸರ್ಜ್ ಇಂಪೆಡೆನ್ಸ್ 400 ಓಮ್. ವೇಗ ಮೈಕ್ರೋಸೆಕೆಂಡಿಗೆ 300 ಮೀಟರ್.

ಕೇಬಲ್: ಕಿಲೋಮೀಟರಿಗೆ 0.25 ಮಿಲಿಹೆನ್ರಿ, 0.15625 ಮೈಕ್ರೋಫ್ಯಾರಡ್. ಸರ್ಜ್ ಇಂಪೆಡೆನ್ಸ್ 40 ಓಮ್. ವೇಗ ಮೈಕ್ರೋಸೆಕೆಂಡಿಗೆ 160 ಮೀಟರ್.

ಇಲ್ಲಿ ಆಗುವ ತಪ್ಪುಗಳು ಬಹಳ. ಮೊದಲನೆಯದು, ಸರ್ಜ್ ಇಂಪೆಡೆನ್ಸನ್ನು ಲೈನಿನ ಉದ್ದದಿಂದ ಗುಣಿಸುವುದು. 400 ಓಮ್ ಅಂದರೆ ಕಿಲೋಮೀಟರಿಗೆ 400 ಅಲ್ಲ. 3 ಕಿಲೋಮೀಟರ್ ಲೈನಿಗೂ 400, 300 ಕಿಲೋಮೀಟರ್ ಲೈನಿಗೂ 400. ಅದು ವಿದ್ಯುತ್ ನಷ್ಟವಾಗುವ ರೆಸಿಸ್ಟೆನ್ಸೂ ಅಲ್ಲ. ಅಲೆಯಲ್ಲಿ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ ಅಷ್ಟೇ.

ಎರಡನೆಯದು ಸೂಕ್ಷ್ಮ. ತಂತಿಯ ಅಳತೆಯಿಂದ ಇಂಡಕ್ಟೆನ್ಸ್ ಕಂಡುಹಿಡಿಯುವಾಗ 50 ಹರ್ಟ್ಸ್ ಪಾಠದ ಅಭ್ಯಾಸದಿಂದ ತ್ರಿಜ್ಯವನ್ನು 0.7788ರಿಂದ ಗುಣಿಸಿಬಿಡುತ್ತಾರೆ. ಸರ್ಜ್‌ನಲ್ಲಿ ಕರೆಂಟ್ ತಂತಿಯ ಮೇಲ್ಮೈಯಲ್ಲೇ ಓಡುತ್ತದೆ, ಒಳಗಿನ ಇಂಡಕ್ಟೆನ್ಸ್ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ತ್ರಿಜ್ಯವನ್ನೇ ಹಾಕಿ. ನೆಲದ ಮೇಲಿರುವ ಒಂದೇ ತಂತಿಗೆ ಸುಲಭ ದಾರಿ ಇದೆ: ಎತ್ತರದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, 60ರಿಂದ ಗುಣಿಸಿ. 21 ಮಿಲಿಮೀಟರ್ ವ್ಯಾಸದ ಪ್ಯಾಂಥರ್ ಕಂಡಕ್ಟರ್ 15 ಮೀಟರ್ ಎತ್ತರದಲ್ಲಿದ್ದರೆ ಸುಮಾರು 477 ಓಮ್. ಮೂರು ಫೇಸ್ ಸೇರಿದ ಸಾಮಾನ್ಯ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆ ಬರುತ್ತದೆ. ನಾನು ಇಲ್ಲಿ 400 ಇಟ್ಟುಕೊಂಡಿದ್ದೇನೆ.

ಎಚ್ಚರಿಕೆಯ ಗುರುತು: ವೇಗ ಮೈಕ್ರೋಸೆಕೆಂಡಿಗೆ 300 ಮೀಟರಿಗಿಂತ ಜಾಸ್ತಿ ಬಂದರೆ ಲೆಕ್ಕ ಖಂಡಿತ ತಪ್ಪು. ತಂತಿಗೆ 300ಕ್ಕಿಂತ ಬಹಳ ಕಡಿಮೆ ಬಂದರೂ ಅನುಮಾನಪಡಿ. ಮುಕ್ಕಾಲು ಪಾಲು ಸಲ ಮಿಲಿ, ಮೈಕ್ರೋ, ನ್ಯಾನೋ ಗೊಂದಲವೇ ಕಾರಣ.

ಹಂತ 3: ದೂರವನ್ನು ಸಮಯಕ್ಕೆ ತಿರುಗಿಸಿ

ಇನ್ನು ಮುಂದೆ ಮೀಟರ್ ಬೇಡ. 800 ಭಾಗಿಸು 160, ಅಂದರೆ ಕೇಬಲ್ ದಾಟಲು 5 ಮೈಕ್ರೋಸೆಕೆಂಡ್. ಹೋಗಿ ಬರಲು 10. ತಂತಿ 30 ಕಿಲೋಮೀಟರ್, ದಾಟಲು 100 ಮೈಕ್ರೋಸೆಕೆಂಡ್, ಹೋಗಿ ಬರಲು 200.

ಅಲೆ ತಂತಿಯ ಆಚೆ ತುದಿಯಿಂದ ಹೊರಟಿದೆ ಅಂದುಕೊಳ್ಳಿ. ಅದು ತಂತಿ ಮತ್ತು ಕೇಬಲ್ ಸೇರುವ ಜಂಕ್ಷನ್ ಮುಟ್ಟಿದ ಗಳಿಗೆಯನ್ನು ಸೊನ್ನೆ ಅಂತ ಇಡೋಣ. ಜಂಕ್ಷನ್‌ನಿಂದ ವಾಪಸ್ ಹೋದ ಅಲೆ ಆಚೆ ತುದಿ ಮುಟ್ಟಿ ಮತ್ತೆ ಬರಲು 200 ಮೈಕ್ರೋಸೆಕೆಂಡ್ ಬೇಕು. ನಮ್ಮ ಲೆಕ್ಕ ಅದಕ್ಕೂ ಮೊದಲೇ ಮುಗಿಯುತ್ತದೆ, ಹಾಗಾಗಿ ಆಚೆ ತುದಿಯನ್ನು ಮರೆಯಬಹುದು. ಯಾವುದನ್ನು ಬಿಡಬಹುದು ಎಂದು ಹೇಳುವುದು ಈ ಸಮಯದ ಪಟ್ಟಿಯೇ. ಇದನ್ನು ಬರೆಯದೆ ಮುಂದೆ ಹೋದವರು ಬೇಡದ ಅಲೆಗಳನ್ನೂ ಎಳೆದುಕೊಂಡು ಸುಸ್ತಾಗುತ್ತಾರೆ.

ಹಂತ 4: ಗುಣಾಂಕಗಳು

ಅಲೆ ಹೋಗಿ ಬೀಳುವ ಕಡೆಯದನ್ನು ಮುಂದಿನ ಇಂಪೆಡೆನ್ಸ್ ಅನ್ನಿ. ಅದು ಬಂದ ಕಡೆಯದು ಹಿಂದಿನ ಇಂಪೆಡೆನ್ಸ್.

ಮರಳುವ ಗುಣಾಂಕ: ಮುಂದಿನದರಿಂದ ಹಿಂದಿನದನ್ನು ಕಳೆಯಿರಿ, ಎರಡರ ಮೊತ್ತದಿಂದ ಭಾಗಿಸಿ.
ದಾಟುವ ಗುಣಾಂಕ: ಮುಂದಿನದರ ಎರಡರಷ್ಟನ್ನು ಅದೇ ಮೊತ್ತದಿಂದ ಭಾಗಿಸಿ.

ತಂತಿಯಿಂದ ಕೇಬಲಿಗೆ: ಮರಳುವುದು −0.818, ದಾಟುವುದು 0.182.
ಕೇಬಲಿನಿಂದ ತಂತಿಗೆ: ಮರಳುವುದು +0.818, ದಾಟುವುದು 1.818.
ಕೇಬಲಿನಿಂದ ಟ್ರಾನ್ಸ್‌ಫಾರ್ಮರಿಗೆ: ಮರಳುವುದು +1.

ಟ್ರಾನ್ಸ್‌ಫಾರ್ಮರಿಗೆ +1 ಯಾಕೆ? ಅದರ ವೈಂಡಿಂಗ್ ಇಂಡಕ್ಟೆನ್ಸ್ ಬಹಳ ದೊಡ್ಡದು, ಇಷ್ಟು ಸ್ವಲ್ಪ ಹೊತ್ತಿನಲ್ಲಿ ಕರೆಂಟ್ ಒಳಗೆ ಹೋಗಲು ಬಿಡುವುದಿಲ್ಲ. ಅಲೆಗೆ ಅದು ತೆರೆದ ತುದಿಯಂತೆಯೇ. ಅದರ ಸಣ್ಣ ಕೆಪಾಸಿಟೆನ್ಸ್ ಅಲೆಯ ಮುಂಭಾಗವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. 2 ನ್ಯಾನೋಫ್ಯಾರಡ್ ಅಂದುಕೊಂಡರೆ, 40 ಓಮ್ ಕೇಬಲಿನ ತುದಿಯಲ್ಲಿ ಅದರ ಕಾಲಸ್ಥಿರಾಂಕ 0.08 ಮೈಕ್ರೋಸೆಕೆಂಡ್ ಮಾತ್ರ. ಬಿಡಬಹುದು.

ಒಂದೇ ಜಂಕ್ಷನ್‌ಗೆ ಎರಡು ಜೊತೆ ಗುಣಾಂಕ ಇದೆ ಎಂಬುದನ್ನು ಗಮನಿಸಿ. ತಂತಿಯಿಂದ ಬಂದಾಗ ಒಂದು ಜೊತೆ, ಕೇಬಲಿನಿಂದ ಬಂದಾಗ ಇನ್ನೊಂದು. ವಾಪಸ್ ಬರುವ ಅಲೆಗೂ ಹಳೆಯ −0.818 ಹಾಕುವುದೇ ಈ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ದಾಟುವ ಗುಣಾಂಕ 1ಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಅಲ್ಲಿ ವೋಲ್ಟೇಜ್ ಏರುತ್ತದೆ, ಕರೆಂಟ್ ಇಳಿಯುತ್ತದೆ. ಪ್ರತಿ ಜೊತೆಗೂ ಒಂದು ಸುಲಭದ ಪರೀಕ್ಷೆ ಇದೆ: 1ಕ್ಕೆ ಮರಳುವ ಗುಣಾಂಕ ಕೂಡಿಸಿದರೆ ದಾಟುವ ಗುಣಾಂಕ ಬರಬೇಕು.

ಹಂತ 5: ಕರೆಂಟ್ ಹಾಕಿ ಪರೀಕ್ಷಿಸಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸುತ್ತಾರೆ. ಎರಡು ನಿಮಿಷದ ಕೆಲಸ, ಆದರೆ ಚಿಹ್ನೆಯ ತಪ್ಪು ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಜಂಕ್ಷನ್‌ಗೆ ಬಂದ ಅಲೆ 300 ಕಿಲೋವೋಲ್ಟ್ ಇರಲಿ. ಕೇಬಲಿಗೆ ದಾಟಿದ್ದು 54.5. ತಂತಿಯಲ್ಲಿ ಮರಳಿದ್ದು −245.5.

ಮುಂದೆ ಹೋಗುವ ಅಲೆಯ ಕರೆಂಟ್ ಅಂದರೆ ವೋಲ್ಟೇಜ್ ಭಾಗಿಸು ಇಂಪೆಡೆನ್ಸ್. ಹಿಂದೆ ಬರುವ ಅಲೆಗೆ ಅದರ ಮುಂದೆ ಮೈನಸ್ ಹಾಕಬೇಕು. ಬಂದದ್ದು 300 ಭಾಗಿಸು 400, ಅಂದರೆ 750 ಆಂಪಿಯರ್. ಮರಳಿದ್ದು ಮೈನಸ್ −245.5 ಭಾಗಿಸು 400, ಅಂದರೆ +614. ಒಟ್ಟು 1364 ಆಂಪಿಯರ್. ಕೇಬಲಿನಲ್ಲಿ 54.5 ಭಾಗಿಸು 40, ಅದೂ 1364. ಎರಡೂ ಕಡೆ ಒಂದೇ. ಹೊಂದಲಿಲ್ಲ ಅಂದರೆ ಮುಂದೆ ಹೋಗಬೇಡಿ.

ಹಂತ 6: ಲ್ಯಾಟಿಸ್ ಚಿತ್ರ

ಹಾಳೆಯ ಮೇಲೆ ಎರಡು ಉದ್ದ ಗೆರೆ ಮೇಲಿನಿಂದ ಕೆಳಗೆ ಎಳೆಯಿರಿ. ಎಡದ್ದು ಜಂಕ್ಷನ್, ಬಲದ್ದು ಟ್ರಾನ್ಸ್‌ಫಾರ್ಮರ್. ಕೆಳಗೆ ಹೋದಂತೆ ಸಮಯ. ಚೌಕುಳಿಯ ಒಂದು ಮನೆ 5 ಮೈಕ್ರೋಸೆಕೆಂಡ್.

ಸೊನ್ನೆ ಸಮಯದಲ್ಲಿ ಎಡದಿಂದ ಹೊರಟ 54.5 ಓರೆಯಾಗಿ ಇಳಿದು 5ರಲ್ಲಿ ಬಲ ಮುಟ್ಟುತ್ತದೆ. ಅಲ್ಲಿಂದ ಇನ್ನೊಂದು ಬಣ್ಣದಲ್ಲಿ ಅದೇ 54.5 ವಾಪಸ್, 10ರಲ್ಲಿ ಎಡಕ್ಕೆ. ಅಲ್ಲಿ 0.818ರಿಂದ ಗುಣಿಸಿ 44.6, ಮತ್ತೆ ಬಲಕ್ಕೆ. 15ರಲ್ಲಿ ಬಲ ಮುಟ್ಟುತ್ತದೆ. ಮುಂದಿನದು 36.5, ಆಮೇಲೆ 29.9, ಆಮೇಲೆ 24.4, ಆಮೇಲೆ 20. ಪ್ರತಿ ಓರೆಗೆರೆಯ ಮೇಲೆ ಅದರ ವೋಲ್ಟೇಜ್ ಬರೆಯಿರಿ. ಗೆರೆಯ ಮೇಲೆ ಬರೆಯುವುದು ಆ ಅಲೆಯೊಂದರ ವೋಲ್ಟೇಜ್ ಮಾತ್ರ, ಆ ಜಾಗದ ಒಟ್ಟು ವೋಲ್ಟೇಜ್ ಅಲ್ಲ. ಇವೆರಡನ್ನು ಬೆರೆಸಿದರೆ ಚಿತ್ರ ಹಾಳಾಯಿತು ಅಂತಲೇ ಲೆಕ್ಕ.

ಹಂತ 7: ಒಂದು ಜಾಗ ಆರಿಸಿ ಕೂಡಿಸಿ

ನಮಗೆ ಬೇಕಾದ್ದು ಟ್ರಾನ್ಸ್‌ಫಾರ್ಮರ್. ಬಲಗೆರೆ ಹಿಡಿದು ಮೇಲಿನಿಂದ ಕೆಳಗೆ ಬನ್ನಿ. ಪ್ರತಿ ಸಲವೂ ಬಂದ ಅಲೆ ಮತ್ತು ಅದೇ ಗಳಿಗೆಯಲ್ಲಿ ಮರಳಿದ ಅಲೆ, ಎರಡನ್ನೂ ಕೂಡಿಸಿ. ತೆರೆದ ತುದಿ, ಹಾಗಾಗಿ ಎರಡರಷ್ಟು.

5 ಮೈಕ್ರೋಸೆಕೆಂಡ್: 109 ಕಿಲೋವೋಲ್ಟ್
15: 198
25: 271
35: 331
45: 380
55: 420

ನೋಡಿದಿರಾ? 5ರಲ್ಲಿ ನಿಲ್ಲಿಸಿದವರಿಗೆ 300 ಕಿಲೋವೋಲ್ಟ್ ಸರ್ಜ್ 109ಕ್ಕೆ ಇಳಿದಂತೆ ಕಾಣುತ್ತದೆ. ಕೇಬಲ್ ಕಾಪಾಡಿತು ಅಂತ ಬರೆದು ಮುಗಿಸುತ್ತಾರೆ. ನಿಜದಲ್ಲಿ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಇದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ತಪ್ಪಿಗೆ ಎರಡು ಅಂಕ ಹೋಗಬಹುದು. ಸಬ್‌ಸ್ಟೇಷನ್‌ನಲ್ಲಿ ಹೋಗುವುದು ವೈಂಡಿಂಗ್.

ಜಂಕ್ಷನ್‌ನ ವೋಲ್ಟೇಜ್ ಬೇಕಿದ್ದರೆ ಎಡಗೆರೆ ಹಿಡಿಯಿರಿ. 10ರಲ್ಲಿ ಅಲ್ಲಿ ಮೊದಲಿನ 54.5, ವಾಪಸ್ ಬಂದ 54.5, ಮತ್ತೆ ಹೊರಟ 44.6, ಒಟ್ಟು 153.7. ಕೇಬಲಿನ ನಡುವಿನ ಯಾವುದೋ ಬಿಂದು ಬೇಕಾದರೆ ಅಲ್ಲಿ ಮೂರನೇ ಉದ್ದಗೆರೆ ಎಳೆದು, ಅದನ್ನು ಕತ್ತರಿಸುವ ಎಲ್ಲ ಓರೆಗೆರೆಗಳನ್ನು ಸಮಯದ ಕ್ರಮದಲ್ಲಿ ಕೂಡಿಸುತ್ತ ಹೋಗಿ.

ಹಂತ 8: ಕೊನೆಯ ಬೆಲೆಯ ಪರೀಕ್ಷೆ

ಎಲ್ಲಿಯವರೆಗೆ ಏರುತ್ತದೆ? 109.1ನ್ನು, 1ರಿಂದ 0.818 ಕಳೆದು ಉಳಿದದ್ದರಿಂದ ಭಾಗಿಸಿ. 600 ಕಿಲೋವೋಲ್ಟ್. ಅಂದರೆ ಕೇಬಲ್ ಇಲ್ಲದೆ ತಂತಿಯೇ ನೇರ ಟ್ರಾನ್ಸ್‌ಫಾರ್ಮರಿಗೆ ಬಂದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟೇ. ಸರ್ಜ್ ಕುಗ್ಗದೆ ಹಾಗೆಯೇ ನಿಂತರೆ, ಕೇಬಲ್ ಸಮಯ ಕೊಡುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ.

ಈ ಪರೀಕ್ಷೆ ಯಾವ ಲೆಕ್ಕಕ್ಕೂ ಹಾಕಬಹುದು. ಬಹಳ ಹೊತ್ತಾದ ಮೇಲೆ ನಡುವಿನ ತುಂಡುಗಳು ಇಲ್ಲವೇ ಇಲ್ಲ ಎಂಬಂತೆ ಉತ್ತರ ಬರಬೇಕು. ನಿಮ್ಮ ಮೆಟ್ಟಿಲುಗಳು ಆ ಸಂಖ್ಯೆಯ ಕಡೆ ಹೋಗದಿದ್ದರೆ, ಅಥವಾ ಅದನ್ನು ದಾಟಿ ಏರುತ್ತಲೇ ಇದ್ದರೆ, ಗುಣಾಂಕ ತಪ್ಪಿದೆ.

ಹಂತ 9: ಸಿಡಿಲಿನ ಅಲೆಗೆ ಬಾಲ ಇದೆ

600 ನೋಡಿ ಹೆದರಬೇಕಾಗಿಲ್ಲ, ಯಾಕೆಂದರೆ ಸಿಡಿಲಿನ ಅಲೆ ನೂರಾರು ಮೈಕ್ರೋಸೆಕೆಂಡ್ ಹಾಗೇ ನಿಲ್ಲುವುದಿಲ್ಲ. ಪರೀಕ್ಷೆಗೆ ಬಳಸುವ ಪ್ರಮಾಣಿತ ಅಲೆ 1.2/50. ಸುಮಾರು 1.2 ಮೈಕ್ರೋಸೆಕೆಂಡಿನಲ್ಲಿ ತುದಿ ಮುಟ್ಟಿ, 50ಕ್ಕೆ ಅರ್ಧಕ್ಕೆ ಇಳಿಯುತ್ತದೆ.

ಇದನ್ನು ಸೇರಿಸುವುದು ಸುಲಭ. 50ರಲ್ಲಿ ಅರ್ಧ ಅಂದರೆ ಪ್ರತಿ 10 ಮೈಕ್ರೋಸೆಕೆಂಡಿಗೆ 0.8706 ಪಾಲು ಉಳಿಯುತ್ತದೆ. ಹಾಗಾಗಿ ಪ್ರತಿ ಮೆಟ್ಟಿಲಿನಲ್ಲಿ ಹಳೆಯ ಮೊತ್ತವನ್ನು 0.8706ರಿಂದ ಗುಣಿಸಿ, ಆಮೇಲೆ ಹೊಸ ಅಲೆ ಕೂಡಿಸಿ. 109ಕ್ಕೆ ಹೀಗೆ ಮಾಡಿದರೆ 95, ಅದಕ್ಕೆ 89 ಸೇರಿ 184. ಮುಂದೆ 233, 263, 278, 282. ಆಮೇಲೆ 278ಕ್ಕೆ ಇಳಿಯಲು ಶುರು. ಅಂದರೆ ಗರಿಷ್ಠ ಸುಮಾರು 282 ಕಿಲೋವೋಲ್ಟ್, 55ನೇ ಮೈಕ್ರೋಸೆಕೆಂಡಿನಲ್ಲಿ.

110 ಕಿಲೋವೋಲ್ಟ್ ಟ್ರಾನ್ಸ್‌ಫಾರ್ಮರಿಗೆ ಸಿಡಿಲಿನ ತಡೆಮಟ್ಟ ಸಾಮಾನ್ಯವಾಗಿ 550 ಕಿಲೋವೋಲ್ಟ್. 20 ಶೇಕಡಾ ಅಂತರ ಬಿಟ್ಟರೆ, ಅಂದರೆ 1.2ರಿಂದ ಭಾಗಿಸಿದರೆ, 458. 282 ಅದರೊಳಗೆ ಆರಾಮಾಗಿ ಕೂರುತ್ತದೆ.

ಈಗ ಕೇಬಲನ್ನು 800ರ ಬದಲು 80 ಮೀಟರ್ ಮಾಡಿ. ಗುಣಾಂಕ ಒಂದೂ ಬದಲಾಗುವುದಿಲ್ಲ. ಹೋಗಿ ಬರುವ ಸಮಯ ಮಾತ್ರ 1 ಮೈಕ್ರೋಸೆಕೆಂಡ್ ಆಗುತ್ತದೆ, ಅಷ್ಟರಲ್ಲಿ ಬಾಲ ಇಳಿಯುವುದು ಅತಿ ಕಡಿಮೆ. ಗರಿಷ್ಠ ಸುಮಾರು 495 ಕಿಲೋವೋಲ್ಟ್. 458 ದಾಟಿತು! ಗುಣಾಂಕ ಮಾತ್ರ ನೋಡಿದವರಿಗೆ ಈ ಎರಡು ಕೇಬಲ್ ಒಂದೇ ಥರ ಕಾಣುತ್ತವೆ. ಇದಕ್ಕೇ ಸಮಯವನ್ನು ಮೊದಲು ಬರೆಯಿರಿ ಅಂತ ಅಷ್ಟು ಒತ್ತಿ ಹೇಳಿದ್ದು.

ತಂತಿಯ ಸುತ್ತಲಿನ ಗಾಳಿಗೆ ವಿದ್ಯುತ್ ಸೋರುವ ಕರೋನಾ, ಮೂರು ಫೇಸ್‌ಗಳ ನಡುವಿನ ಸೆಳೆತ, ನೆಲದ ದಾರಿಯಲ್ಲಿ ಅಲೆ ನಿಧಾನವಾಗುವುದು, ಇವೆಲ್ಲ ಇನ್ನೂ ಇವೆ. ಕೈಲೆಕ್ಕಕ್ಕೆ ಬೇಡ.

ಹಂತ 10: ಸರ್ಜ್ ಅರೆಸ್ಟರ್ ಎಲ್ಲಿ ಇಡಬೇಕು

ವೋಲ್ಟೇಜ್ ಮಿತಿ ಮೀರಿದಾಗ ಸರ್ಜನ್ನು ನೆಲಕ್ಕೆ ಬಿಡುವ ಸಾಧನವೇ ಅರೆಸ್ಟರ್. ಅದು ಇದ್ದ ಮೇಲೆ ಲೆಕ್ಕ ಯಾಕೆ ಅಂತ ಕೇಳುವವರು ಇದ್ದಾರೆ. ಅರೆಸ್ಟರ್ ತಾನು ನಿಂತ ಜಾಗದ ವೋಲ್ಟೇಜನ್ನು ಮಾತ್ರ ಹಿಡಿಯುತ್ತದೆ. ಅದನ್ನು ದಾಟಿ ಹೋದ ಅಲೆ ಟ್ರಾನ್ಸ್‌ಫಾರ್ಮರಿನಲ್ಲಿ ಎರಡರಷ್ಟಾಗಲು ಶುರುವಾಗುತ್ತದೆ. ಅರೆಸ್ಟರ್‌ನ ಪರಿಹಾರ ಅಲ್ಲಿಗೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಏರಿರುತ್ತದೆ.

ತಂತಿಯೇ ನೇರ ಬರುವ ಸ್ಟೇಷನ್ ತೆಗೆದುಕೊಳ್ಳಿ. ಅಲೆಯ ಏರುವ ವೇಗವನ್ನು ದೂರದಿಂದ ಗುಣಿಸಿ, ಎರಡರಷ್ಟು ಮಾಡಿ, 300ರಿಂದ ಭಾಗಿಸಿ, ಅರೆಸ್ಟರ್ ವೋಲ್ಟೇಜಿಗೆ ಕೂಡಿಸಿ. ಅರೆಸ್ಟರ್ 280 ಕಿಲೋವೋಲ್ಟ್‌ನಲ್ಲಿ ಹಿಡಿಯುತ್ತದೆ, ಅಲೆ ಮೈಕ್ರೋಸೆಕೆಂಡಿಗೆ 500 ಕಿಲೋವೋಲ್ಟ್ ಏರುತ್ತದೆ, ದೂರ 30 ಮೀಟರ್ ಅಂದುಕೊಂಡರೆ 100 ಕಿಲೋವೋಲ್ಟ್ ಜಾಸ್ತಿ. ಒಟ್ಟು 380. ಮೊತ್ತ ಅರೆಸ್ಟರ್ ವೋಲ್ಟೇಜಿನ ಎರಡರಷ್ಟಕ್ಕಿಂತ ಜಾಸ್ತಿ ಬಂದರೆ ಎರಡರಷ್ಟಕ್ಕೇ ನಿಲ್ಲಿಸಿ.

458ರೊಳಗೆ ಇರಬೇಕಾದರೆ ದೂರ ಸುಮಾರು 53 ಮೀಟರ್ ದಾಟಬಾರದು. ದೂರ ಅಳೆಯುವಾಗ ನೆಲದ ಮೇಲಿನ ನೇರ ಅಳತೆ ಹಿಡಿಯುವುದು ಸಾಮಾನ್ಯ ತಪ್ಪು. ಕಂಡಕ್ಟರ್ ದಾರಿ, ಅರೆಸ್ಟರಿಗೆ ಇಳಿಯುವ ತಂತಿ, ಅರ್ಥಿಂಗ್ ತಂತಿ ಎಲ್ಲವೂ ಸೇರಬೇಕು.

ಹಂತ 11: ಈಗ ಕಂಪ್ಯೂಟರ್ ತೆರೆಯಿರಿ

ಇದೇ 400 ಓಮ್, 40 ಓಮ್, 5 ಮೈಕ್ರೋಸೆಕೆಂಡ್ ಹಾಕಿ, ಕುಗ್ಗದ 300 ಕಿಲೋವೋಲ್ಟ್ ಅಲೆ ಕೊಡಿ. 109, 198, 271 ಮೆಟ್ಟಿಲುಗಳು ಬರಬೇಕು. ಬಂದ ಮೇಲಷ್ಟೇ ಬಾಲ, ಅರೆಸ್ಟರ್, ಕೆಪಾಸಿಟೆನ್ಸ್ ಒಂದೊಂದಾಗಿ ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಯಾವುದು ಗ್ರಾಫನ್ನು ಬದಲಾಯಿಸಿತು ಅಂತ ಗೊತ್ತಾಗುವುದಿಲ್ಲ.

ಮೊದಲ ಮೆಟ್ಟಿಲೇ 218 ಬಂದರೆ ಮೂಲವನ್ನು ತಪ್ಪಾಗಿ ಕೊಟ್ಟಿದ್ದೀರಿ. ತಂತಿಯಲ್ಲಿ 300ರ ಅಲೆ ಓಡಬೇಕಾದರೆ 400 ಓಮ್ ಹಿಂದೆ 600 ಕಿಲೋವೋಲ್ಟ್ ಮೂಲ ಇಡಬೇಕು. 400 ಓಮ್ ಮರೆತು 600 ಕೊಟ್ಟರೆ ಎಲ್ಲವೂ ಎರಡರಷ್ಟಾಗುತ್ತದೆ. ಟೈಮ್ ಸ್ಟೆಪ್, ಅಂದರೆ ಕಂಪ್ಯೂಟರ್ ಒಂದೊಂದು ಸಲ ಲೆಕ್ಕ ಹಾಕುವ ನಡುವಿನ ಸಮಯ, ಲೈನಿನ ಅತಿ ಚಿಕ್ಕ ತುಂಡನ್ನು ಅಲೆ ದಾಟುವ ಸಮಯದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಬಾರದು. ನಮ್ಮ ಕೇಬಲಿಗೆ 0.5 ಮೈಕ್ರೋಸೆಕೆಂಡ್ ಸಾಕು. 30 ಮೀಟರ್ ತಂತಿಯ ತುಂಡು ಸೇರಿಸಿದ ಕೂಡಲೇ ಅದು 0.01ಕ್ಕೆ ಇಳಿಯಬೇಕು. ಇಳಿಸದಿದ್ದರೆ ಗ್ರಾಫಿನಲ್ಲಿ ಗರಗಸದ ಹಲ್ಲಿನಂಥ ಏರಿಳಿತ ಕಾಣಬಹುದು, ಅದು ಲೈನಿನದ್ದಲ್ಲ. ಸ್ಟೆಪ್ ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ಗರಿಷ್ಠ ವೋಲ್ಟೇಜ್ ಬದಲಾಗದಿದ್ದರೆ ಆ ಸಂಖ್ಯೆಯನ್ನು ವರದಿಗೆ ಬರೆಯಬಹುದು.